ಹೋರಿ ಆಮೇಲೆ, ಮೊದಲು ಕರುವಿನ ಮಾತಾಡೋಣ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಬೆಂಗಳೂರು ಬುಲ್ಸ್ ಅಭಿಮಾನಿ ಬಳಗಕ್ಕೆ,



ಮೊನ್ನೆ ಸಿಂದಗಿಯಲ್ಲಿ ಬಸ್ಸಿಗೆ ಕಾಯುತ್ತ ಚಹಾದಂಗಡಿಯಲ್ಲಿ ಕುಳಿತಿದ್ದೆ. ಪಕ್ಕದ ಬಾಕಿನ ಮೇಲೆ ನಿಮ್ಮಲ್ಲೇ ನಾಲ್ಕೈದು ಜನ ಇದ್ದಿರಿ. ಮಾತು ಕಬಡ್ಡಿಯದು, ದನಿ ಮಾತ್ರ ಹೊಲದ ಬಾಂದಿನ ಜಗಳದ್ದು. ‘ಐದು ಕೋಟಿ ಇಟಗೊಂಡು ಹರಾಜಿನ್ಯಾಗ ಕುಂದರತಾರ, ದೊಡ್ಡ ಹೆಸರು ಬಂತಂದ್ರ ಕೈ ಎತ್ತಂಗಿಲ್ಲ. ಜಿಪುಣರು!’ ಅಂತ ಒಬ್ಬ ತಮ್ಮ ಎದ್ದೇ ನಿಂತ. ‘ಎತ್ತಿದಾಗ ಏನ್ ಆತು ನೋಡಿಲ್ಲೇನ್ ನೀ? ಸುಮ್ ಕೂಡೋ’ ಅಂತ ಇನ್ನೊಬ್ಬ ಅವನ ಅಂಗಿ ಹಿಡಿದು ಎಳೆದ. ಅಷ್ಟರಲ್ಲಿ ನನ್ನ ಬಸ್ಸು ಬಂತು. ಅಲ್ಲಿ ಆಡದೆ ಬಂದ ಮಾತನ್ನು ಈ ಪತ್ರದಲ್ಲಿ ಆಡುತ್ತಿದ್ದೇನೆ. ಹರೆಯದಲ್ಲಿ ಎಡ ಕಾರ್ನರ್ ಆಡಿ, ಈಗ ಮಳೆಗಾಲ ಬಂದರೆ ಮೊಣಕಾಲು ಹಿಡಿದು ಕೂಡುವವನು ನಾನು. ಹಿರಿಯನೆಂದು ಸಹಿಸಿಕೊಳ್ಳಿ.

ನಮಗೆ ಬುಲ್ಸ್ ಯಾಕೆ ಇಷ್ಟು ಹತ್ತಿರ? ಒಂದು ಕಾಲಕ್ಕೆ ನಮ್ಮ ಜಿಲ್ಲೆಯ ಹೆಸರಿನದೇ ಒಂದು ತಂಡವಿತ್ತು, ಕ್ರಿಕೆಟ್‌ನಲ್ಲಿ. ಕರ್ನಾಟಕ ಪ್ರೀಮಿಯರ್ ಲೀಗಿನ ಬಿಜಾಪುರ ಬುಲ್ಸ್. 2015ರಲ್ಲಿ, ಮತ್ತೆ 2018ರಲ್ಲಿ ಕಪ್ ಗೆದ್ದಿತು. ಆ ಲೀಗೇ ನಿಂತಿತು. 2022ರಲ್ಲಿ ಮಹಾರಾಜ ಟ್ರೋಫಿ ಬಂದಾಗ ಹುಬ್ಬಳ್ಳಿ, ಕಲಬುರಗಿಯ ತಂಡಗಳಿದ್ದವು, ನಮ್ಮದಿರಲಿಲ್ಲ. ಎದೆಯ ಮೇಲಿನ ಗೂಳಿ ಗುರುತು ಮಾತ್ರ ಉಳಿದಿತ್ತು, ಅದನ್ನು ಕಬಡ್ಡಿಯ ಬುಲ್ಸ್‌ಗೆ ಕೊಟ್ಟೆವು. ಕೊಟ್ಟದ್ದು ತಪ್ಪೂ ಅಲ್ಲ. ಮೂಲ ನಂದೀಶ್ವರನ ಊರು ಬಾಗೇವಾಡಿಯವರಿಗೆ ಬಸವನೆಂದರೇನೆಂದು ಯಾರೂ ಹೇಳಿಕೊಡಬೇಕಿಲ್ಲ. ಖಿಲಾರಿ ಹೋರಿಯ ಕೊಂಬಿಗೆ ಬಣ್ಣ ಬಳಿದು, ಕಾರಹುಣ್ಣಿಮೆಗೆ ಕರಿ ಹರಿಯುವುದಕ್ಕೆ ಓಡಿಸುವ ಜನ ನಾವು.

ಅದಕ್ಕೇ ಆ ತಮ್ಮನ ಮಾತು ಕೇಳಿ ನನಗೆ ನಗೆ ಬಂತು. ಅವನ ಅಪ್ಪ ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯ ದನದ ಸಂತೆಗೆ ಹೋರಿ ತರಲು ಹೋದರೆ ಏನು ಮಾಡುತ್ತಾನೆ? ಮೊದಲ ದಿನ ಬರೀ ಸುತ್ತುತ್ತಾನೆ. ಎರಡನೇ ದಿನ ಬಾಯಿ ತೆರೆಸಿ ಹಲ್ಲು ನೋಡುತ್ತಾನೆ: ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದ್ದೋ. ಸುಳಿ ನೋಡುತ್ತಾನೆ, ನಡಿಗೆ ನೋಡುತ್ತಾನೆ, ಗೊರಸು ಎತ್ತಿಸುತ್ತಾನೆ. ದಲ್ಲಾಳಿ ಟವೆಲ್ ಅಡಿಯಲ್ಲಿ ಬೆರಳು ಹಿಡಿದು ಬೆಲೆ ಹೇಳಿದರೆ ಕೈ ಕೊಡವಿ ಎದ್ದು ಹೋಗುತ್ತಾನೆ, ಸಂಜೆಗೆ ಮತ್ತೆ ಬರುತ್ತಾನೆ. ಎಲ್ಲಕ್ಕೂ ಮೇಲಾಗಿ ಒಂದು ಪ್ರಶ್ನೆ ಕೇಳಿಕೊಳ್ಳುತ್ತಾನೆ: ಮನೆಯಲ್ಲಿರುವ ಎತ್ತಿಗೆ ಇದು ಜೋಡಿ ಆದೀತೇ? ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಗಾದೆ ಹೊಲದಲ್ಲಿ ಹುಟ್ಟಿದ್ದು, ಪುಸ್ತಕದಲ್ಲಲ್ಲ. ಅಪ್ಪ ಇಷ್ಟು ದಿನ ತೆಗೆದುಕೊಳ್ಳುವ ಕೆಲಸವನ್ನು ತಂಡದವರು ಟಿವಿ ಮುಂದೆ ಅರೆಗಳಿಗೆಯಲ್ಲಿ ಮುಗಿಸಬೇಕು ಎನ್ನುವುದು ಮಗನ ಹಟ!

ಈಗ ಲೆಕ್ಕಕ್ಕೆ ಬರೋಣ. ಪ್ರೊ ಕಬಡ್ಡಿಯಲ್ಲಿ ಒಂದು ತಂಡಕ್ಕೆ ಒಂದು ಸೀಸನ್‌ಗೆ ಆಟಗಾರರ ಮೇಲೆ ಖರ್ಚು ಮಾಡಲು ಇರುವುದು 5 ಕೋಟಿ. ಅಂಕಣದಲ್ಲಿ ನಿಲ್ಲುವವರು ಏಳು ಜನ, ಬೆಂಚಿನ ಮೇಲೆ ಇನ್ನಷ್ಟು ಜನ. ಹತ್ತನೇ ಸೀಸನ್‌ನಲ್ಲಿ ತೆಲುಗು ಟೈಟನ್ಸ್ ಪವನ್ ಸೆಹ್ರಾವತ್‌ಗೆ ಕೊಟ್ಟದ್ದು 2 ಕೋಟಿ 60 ಲಕ್ಷ 50 ಸಾವಿರ. ಅರ್ಧಕ್ಕಿಂತ ಹೆಚ್ಚು ಒಬ್ಬನಿಗೇ ಹೋಯಿತು. ಉಳಿದದ್ದರಲ್ಲಿ ಕಾರ್ನರ್, ಕವರ್, ಎರಡನೇ ರೈಡರ್ ಎಲ್ಲ ಆಗಬೇಕು. ಆ ವರ್ಷ ಟೈಟನ್ಸ್ 22 ಪಂದ್ಯಗಳಲ್ಲಿ ಗೆದ್ದದ್ದು ಎರಡು, ಸ್ಥಾನ ಕಟ್ಟಕಡೆಯದು. ಪವನ್‌ನ ಕಾಲಲ್ಲಿ ಶಕ್ತಿ ಇರಲಿಲ್ಲವೆಂದಲ್ಲ. ಅವನು ರೈಡಿಗೆ ಹೋಗಿ ಎರಡು ಅಂಕ ತಂದರೆ ಹಿಂದೆ ನಿಂತವರು ಮೂರು ಬಿಟ್ಟುಕೊಡುತ್ತಿದ್ದರು. ಬಾವಿಗೆ ಗಟ್ಟಿ ಹಗ್ಗ ತಂದು ತೂತು ಕೊಡ ಇಳಿಬಿಟ್ಟ ಹಾಗೆ.

ಅದಕ್ಕೂ ಹಿಂದಿನ ಸೀಸನ್ ನೆನಪಿದೆಯಲ್ಲ? 2022ರ ಹರಾಜಿನಲ್ಲಿ ಪವನ್ ನಮ್ಮ ಕೈ ಬಿಟ್ಟು ತಮಿಳ್ ತಲೈವಾಸ್‌ಗೆ ಹೋದ, ಬೆಲೆ 2 ಕೋಟಿ 26 ಲಕ್ಷ 50 ಸಾವಿರ. ಅವತ್ತು ನಿಮ್ಮಲ್ಲಿ ಎಷ್ಟು ಜನ ಊಟ ಬಿಟ್ಟಿರೋ! ಸೀಸನ್‌ನ ಮೊದಲ ಪಂದ್ಯದಲ್ಲೇ ಅವನ ಮೊಣಕಾಲಿಗೆ ಪೆಟ್ಟಾಯಿತು, ಉಳಿದ ಸೀಸನ್ ಪೂರ್ತಿ ಹೊರಗೆ ಕುಳಿತ. ಮೊಣಕಾಲಿನ ಕಥೆ ನನಗೆ ಗೊತ್ತಿರುವುದರಿಂದ ಇದನ್ನು ಖುಷಿಯಿಂದ ಹೇಳುತ್ತಿಲ್ಲ. ಕಬಡ್ಡಿಯಲ್ಲಿ ಒಬ್ಬನ ಮೇಲೆ ಏಳು ಜನ ಬೀಳುತ್ತಾರೆ. ಹಣವೆಲ್ಲ ಒಂದೇ ಮೊಣಕಾಲಿನ ಮೇಲೆ ಇಟ್ಟವನು ಪ್ರತಿ ರೈಡಿಗೂ ದೇವರಿಗೆ ಹರಕೆ ಹೊರಬೇಕಾಗುತ್ತದೆ.

‘ಹಂಗಾದ್ರ ದೊಡ್ಡ ಆಟಗಾರರ ತರೋದ ಬ್ಯಾಡೇನ್ರಿ ಕಾಕಾ?’ ಅಂತ ನೀವು ಕೇಳುತ್ತೀರಿ. ಇಲ್ಲ, ನಾನು ಹಾಗನ್ನುತ್ತಿಲ್ಲ. ಸುಮ್ಮನೆ ಕೂಡಬೇಕೆನ್ನುವ ಎರಡನೇ ಗುಂಪಿನವರೂ ಈಗಲೇ ಚಪ್ಪಾಳೆ ಹೊಡೆಯಬೇಡಿ. ಇರಾನಿನ ಮೊಹಮ್ಮದ್‌ರೆಜಾ ಶಾದ್ಲೂಯಿಯ ಮೂರು ವರ್ಷಗಳನ್ನು ನೋಡಿ. ಹತ್ತನೇ ಸೀಸನ್‌ಗೆ ಪುಣೇರಿ ಪಲ್ಟನ್ 2 ಕೋಟಿ 35 ಲಕ್ಷ ಕೊಟ್ಟಿತು, ಕಪ್ ಗೆದ್ದಿತು. ಹನ್ನೊಂದಕ್ಕೆ ಹರಿಯಾಣ ಸ್ಟೀಲರ್ಸ್ 2 ಕೋಟಿ 7 ಲಕ್ಷ ಕೊಟ್ಟಿತು, ಅದೂ ಕಪ್ ಗೆದ್ದಿತು. ಹನ್ನೆರಡಕ್ಕೆ ಗುಜರಾತ್ ಜೈಂಟ್ಸ್ 2 ಕೋಟಿ 23 ಲಕ್ಷ ಕೊಟ್ಟಿತು, ಪ್ಲೇ ಆಫ್ ಬಾಗಿಲೂ ಮುಟ್ಟಲಿಲ್ಲ. ಅದೇ ಆಳು, ಹೆಚ್ಚುಕಡಿಮೆ ಅದೇ ಬೆಲೆ. ವ್ಯತ್ಯಾಸ ಎಲ್ಲಿತ್ತು? ಪುಣೆಯಲ್ಲಿ ಅಸ್ಲಮ್ ಇನಾಮದಾರ್, ಮೋಹಿತ್ ಗೋಯತ್, ಆಕಾಶ್ ಶಿಂದೆಯಂಥ ಹುಡುಗರು ಆಗಲೇ ಒಟ್ಟಿಗೆ ಆಡಿ ಬಲಿತಿದ್ದರು. ಹರಿಯಾಣದಲ್ಲಿ ಜೈದೀಪ್, ರಾಹುಲ್ ಸೇತ್‌ಪಾಲ್ ಸೇರಿ ಗೋಡೆ ಕಟ್ಟಿದ್ದರು. ಅಲ್ಲಿ ಶಾದ್ಲೂಯಿ ಹೋದದ್ದು ಕಟ್ಟಿದ ಮನೆಗೆ ತೊಲೆಯಾಗಿ. ಗೋಡೆಯೇ ಏಳದ ಕಡೆ ತೊಲೆ ತಂದಿಟ್ಟರೆ ಅದು ಅಂಗಳದಲ್ಲಿ ಬಿದ್ದಿರುತ್ತದೆ, ಮಂದಿ ಎಡವುತ್ತಾರೆ.

ಆದ್ದರಿಂದ ‘ಚೀಲ ಬಿಚ್ಚಬೇಕೋ ಕಟ್ಟಬೇಕೋ’ ಎನ್ನುವ ನಿಮ್ಮ ಜಗಳದಲ್ಲಿ ಎರಡೂ ಪಕ್ಷ ಅರ್ಧ ಸರಿ. ನನ್ನ ತಕರಾರು ಬೇರೆಯದು, ಅದಕ್ಕೆ ನಮ್ಮದೇ ಬುಲ್ಸ್‌ನ ಕೊಟ್ಟಿಗೆಗೆ ಬರಬೇಕು.

2018ರ ಹರಾಜಿನಲ್ಲಿ ಕಬಡ್ಡಿ ಮೊದಲ ಸಲ ಕೋಟಿ ಕಂಡಿತು. ಮೋನು ಗೋಯತ್‌ಗೆ 1 ಕೋಟಿ 51 ಲಕ್ಷ, ರಾಹುಲ್ ಚೌಧರಿಗೆ 1 ಕೋಟಿ 29 ಲಕ್ಷ. ದೀಪಕ್ ಹೂಡಾ, ನಿತಿನ್ ತೋಮರ್, ರಿಶಾಂಕ್ ದೇವಾಡಿಗ, ಫಜಲ್ ಅತ್ರಾಚಲಿ ಸೇರಿ ಆರು ಜನ ಕೋಟಿ ಮುಟ್ಟಿದರು. ಆ ಆರರಲ್ಲಿ ಒಬ್ಬನೂ ನಮ್ಮವನಲ್ಲ. ಅವತ್ತೂ ‘ಜಿಪುಣರು’ ಎಂದೆವು. ಬುಲ್ಸ್ 52 ಲಕ್ಷ 80 ಸಾವಿರ ಕೊಟ್ಟು ಪವನ್ ಎನ್ನುವ ಹುಡುಗನನ್ನು ತಂದಿತ್ತು. 2019ರ ಜನವರಿ 5ರಂದು ಮುಂಬೈಯಲ್ಲಿ ಫೈನಲ್. ಗುಜರಾತ್ ವಿರುದ್ಧ 38–33. ಪವನ್ ಒಬ್ಬನೇ ತಂದದ್ದು 22 ಅಂಕ. ನಮ್ಮ ಬುಲ್ಸ್ ಇಲ್ಲಿಯವರೆಗೆ ಎತ್ತಿದ ಒಂದೇ ಕಪ್ ಅದು. ಕೋಟಿಯ ಆರೂ ತಂಡ ಕೈ ಹಿಸುಕಿಕೊಂಡವು.

ನೀವು ಮರೆತಿರುವ ಸಂಗತಿ ಒಂದಿದೆ. ಪವನ್ ಬುಲ್ಸ್‌ಗೆ ಹೊಸಬನಾಗಿರಲಿಲ್ಲ. 2016ರಲ್ಲಿ ಅವನು ಲೀಗಿಗೆ ಕಾಲಿಟ್ಟದ್ದೇ ನಮ್ಮ ಕೊಟ್ಟಿಗೆಯಿಂದ. ಬಿಟ್ಟುಕೊಟ್ಟೆವು, ಗುಜರಾತಿಗೆ ಹೋದ, ದುಡ್ಡು ಕೊಟ್ಟು ವಾಪಸು ತಂದೆವು, ಕಪ್ ಗೆದ್ದೆವು. 2022ರಲ್ಲಿ ಮತ್ತೆ ಕಳೆದುಕೊಂಡೆವು.

ಇನ್ನೊಬ್ಬನ ಹೆಸರು ಹೇಳಲೇ? ಪರ್ದೀಪ್ ನರ್ವಾಲ್. ಡುಬ್ಕಿ ಹೊಡೆದು ಮೂರು ಮಂದಿಯ ಕೈಕೆಳಗಿಂದ ನುಸುಳಿ ಬರುತ್ತಿದ್ದವನು, ಲೀಗಿನಲ್ಲಿ 1,800 ರೈಡ್ ಅಂಕ ದಾಟಿದವನು. ಅವನೂ ಮೊದಲು ಆಡಿದ್ದು ಬುಲ್ಸ್‌ಗೇ, 2015ರಲ್ಲಿ. ಆಗ ಹಾಲುಹಲ್ಲಿನ ಕರು. ಅಂಕಣಕ್ಕೆ ಇಳಿಸಿದ್ದು ಕಡಿಮೆ. ಮುಂದಿನ ಸೀಸನ್‌ಗೆ ಪಟ್ನಾಕ್ಕೆ ಹೋದ. ಪಟ್ನಾ ಸಾಲಾಗಿ ಮೂರು ಕಪ್ ಗೆದ್ದಿತು. ಒಂದೇ ಸೀಸನ್‌ನಲ್ಲಿ 369 ರೈಡ್ ಅಂಕ ತಂದುಕೊಟ್ಟ. ಹನ್ನೊಂದನೇ ಸೀಸನ್‌ಗೆ, ಅಂದರೆ 2024ಕ್ಕೆ, ಬುಲ್ಸ್ ಅವನನ್ನು 70 ಲಕ್ಷ ಕೊಟ್ಟು ತಂದಿತು. ಬಸ್ ನಿಲ್ದಾಣದ ತಮ್ಮ ಹೇಳುವ ‘ದೊಡ್ಡ ಹೆಸರು’ ಅಂದರೆ ಇದೇ ಅಲ್ಲವೇ? ಅಷ್ಟೊತ್ತಿಗೆ ಹೋರಿ ಬಾಯಿಗೂಡಿತ್ತು. ಆ ವರ್ಷ ನಾವು 22 ಪಂದ್ಯಗಳಲ್ಲಿ ಎರಡು ಗೆದ್ದು ಹನ್ನೆರಡನೆಯವರಾದೆವು. ಮರುವರ್ಷದ ಹರಾಜಿನಲ್ಲಿ ಪರ್ದೀಪನನ್ನು ಯಾರೂ ಕೊಳ್ಳಲಿಲ್ಲ, ಅವನು ಆಟಕ್ಕೆ ವಿದಾಯ ಹೇಳಿದ. ಆ ದೊಡ್ಡ ಆಟಗಾರನನ್ನು ಅಂಥ ಸೀಸನ್‌ನಲ್ಲಿ ನೋಡಬೇಕಾದದ್ದಕ್ಕೆ ಸಂಕಟವಾಗುತ್ತದೆ, ತಪ್ಪು ಅವನದಲ್ಲ. ಕರುವಾಗಿದ್ದಾಗ ಬಿಟ್ಟು, ಉಳುಮೆ ಮುಗಿಸಿ ಬಂದ ಮೇಲೆ ಹಗ್ಗ ಹಾಕಿದವರ ಲೆಕ್ಕ ತಪ್ಪಿತ್ತು.

ಮೂರನೆಯವನು ಭರತ್. ಒಂಬತ್ತನೇ ಸೀಸನ್‌ಗೆ ಬುಲ್ಸ್ ವಿಕಾಸ್ ಕಂಡೋಲಾನಿಗೆ 1 ಕೋಟಿ 70 ಲಕ್ಷ ಸುರಿಯಿತು. ಎಲ್ಲರ ಕಣ್ಣು ವಿಕಾಸ್ ಮೇಲೆ. ಆದರೆ ಆ ಸೀಸನ್‌ನಲ್ಲಿ ತಂಡವನ್ನು ಹೆಗಲ ಮೇಲೆ ಹೊತ್ತು ಸೆಮಿಫೈನಲ್‌ವರೆಗೆ ಒಯ್ದವನು, ಹಿಂದಿನ ವರ್ಷವಷ್ಟೇ ಹೊಸ ಹುಡುಗರ ಪಟ್ಟಿಯಿಂದ ಮೇಲೆ ಬಂದಿದ್ದ ಭರತ್. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಆ ಮಾತನ್ನು ಹಿತ್ತಲ ಗಿಡವೇ ಸುಳ್ಳು ಮಾಡಿತು. ಆಮೇಲೆ? ಹನ್ನೊಂದನೇ ಸೀಸನ್‌ನ ಹರಾಜಿನಲ್ಲಿ ಭರತ್ 1 ಕೋಟಿ 30 ಲಕ್ಷಕ್ಕೆ ಯುಪಿ ಯೋಧಾಸ್ ಪಾಲಾದ.

ಮೂರು ಕರು, ಮೂರೂ ನಮ್ಮ ಗ್ವಾದಲಿಯಲ್ಲಿ ಮೇವು ತಿಂದವು, ಮೂರೂ ಬೇರೆಯವರ ಹೊಲ ಉತ್ತವು. ಬುಲ್ಸ್‌ನವರು ಕೊಳ್ಳುವಾಗ ಎಚ್ಚರದಿಂದಿರುವುದು ದೋಷವಲ್ಲ. ಅದೇ ಎಚ್ಚರ ಉಳಿಸಿಕೊಳ್ಳುವಾಗ ಇಲ್ಲದಿರುವುದು ದೋಷ. ಉಳಿಸಿಕೊಳ್ಳಲು ದಾರಿಯೂ ಇದೆ: ಸೀಸನ್‌ಗೆ ಮೊದಲು ಕೈಬಿಡದೆ ಇಟ್ಟುಕೊಳ್ಳುವವರ ಪಟ್ಟಿ ಇದೆ, ಹರಾಜಿನಲ್ಲಿ ಬೇರೆಯವರು ಕೂಗಿದ ಕೊನೆಯ ಬೆಲೆಯನ್ನೇ ಕೊಟ್ಟು ತನ್ನ ಹಳೆಯ ಆಟಗಾರನನ್ನು ಹಿಡಿದುಕೊಳ್ಳುವ ಫೈನಲ್ ಬಿಡ್ ಮ್ಯಾಚ್ ಕಾರ್ಡ್ ಇದೆ. ಎಲ್ಲರನ್ನೂ ಉಳಿಸಿಕೊಳ್ಳಲು ಆಗದು, 5 ಕೋಟಿಯ ಕಟ್ಟು ಎಲ್ಲರಿಗೂ ಒಂದೇ. ಆದರೆ ಯಾರನ್ನು ಬಿಡಬೇಕು ಎನ್ನುವ ತೀರ್ಮಾನಕ್ಕೆ, ಯಾರನ್ನು ತರಬೇಕು ಎನ್ನುವುದಕ್ಕಿಂತ ಹೆಚ್ಚು ಯೋಚನೆ ಬೇಕು. ಹಲ್ಲು ಮೂಡದ ಕರುವಿನಲ್ಲಿ ನಾಳೆಯ ಹೋರಿಯನ್ನು ಕಾಣುವವನೇ ನಿಜವಾದ ದನಗಾಹಿ.

ಕ್ರಿಕೆಟ್‌ನ ಉದಾಹರಣೆ ಬೇಕೆನ್ನುವವರಿಗೆ ಚುಟುಕಾಗಿ ಹೇಳುತ್ತೇನೆ. 2024ರ ನವೆಂಬರ್‌ನಲ್ಲಿ ಜೆಡ್ಡಾದಲ್ಲಿ ಐಪಿಎಲ್ ಹರಾಜು ನಡೆದಾಗ, ಕೆ.ಎಲ್. ರಾಹುಲ್‌ನನ್ನು ಡೆಲ್ಲಿಗೆ 14 ಕೋಟಿಗೆ ಬಿಟ್ಟುಕೊಟ್ಟರೆಂದು ಆರ್‌ಸಿಬಿಯವರನ್ನು ನಾವು ಬಯ್ಯದ ಮಾತಿಲ್ಲ. ರಿಷಭ್ ಪಂತ್ 27 ಕೋಟಿಗೆ ಲಖನೌಗೆ ಹೋದ. ಆರ್‌ಸಿಬಿ ಮಾತ್ರ ಹೇಜಲ್‌ವುಡ್, ಭುವನೇಶ್ವರ್, ಕೃಣಾಲ್, ಜಿತೇಶ್ ಎಂದು ಖಾಲಿ ಜಾಗ ನೋಡಿ ಒಬ್ಬೊಬ್ಬರನ್ನು ಕೂಡಿಸಿತು. 2025ರ ಜೂನ್ 3ರಂದು ಅಹಮದಾಬಾದ್‌ನಲ್ಲಿ ಪಂಜಾಬ್ ವಿರುದ್ಧ 6 ರನ್‌ಗಳಿಂದ ಗೆದ್ದು ಹದಿನೆಂಟು ವರ್ಷದ ಬರ ಮುಗಿಸಿತು. ಹರಾಜಿನ ರಾತ್ರಿ ಬಯ್ದ ಬಾಯಲ್ಲೇ ಜೈಕಾರ ಹಾಕಿದೆವು. ಆದರೆ ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜೀವ ಹೋದವು. ಅಭಿಮಾನಕ್ಕೂ ಅಳತೆ ಬೇಕು ಎನ್ನುವುದನ್ನು ಅಷ್ಟು ದೊಡ್ಡ ಬೆಲೆ ತೆತ್ತು ಕಲಿಯಬೇಕಾಯಿತಲ್ಲ.

ಮತ್ತೆ ಬುಲ್ಸ್‌ಗೆ ಬರೋಣ. ಹನ್ನೆರಡನೇ ಸೀಸನ್‌ಗೆ ತಂಡದವರು ಒಂದು ಪಾಠ ಕಲಿತಂತೆ ಕಂಡಿತು. ಮೊದಲ ಸೀಸನ್‌ನಿಂದ ಇದ್ದ ಕೋಚ್ ರಣಧೀರ್ ಸಿಂಗ್ ಜಾಗಕ್ಕೆ ನಮ್ಮವರೇ ಆದ ಬಿ.ಸಿ. ರಮೇಶ್ ಬಂದರು. 2019ರಲ್ಲಿ ಬೆಂಗಾಲ್ ವಾರಿಯರ್ಸ್, 2024ರಲ್ಲಿ ಪುಣೇರಿ ಪಲ್ಟನ್ ಕಪ್ ಎತ್ತಿದ್ದು ಅವರ ಕೈಕೆಳಗೆ. ಹರಾಜಿನಲ್ಲಿ ಬುಲ್ಸ್ ಕೋಟಿ ದಾಟಿಸಿದ್ದು ಒಬ್ಬನನ್ನೇ, ಅವನೂ ರೈಡರ್ ಅಲ್ಲ, ಡಿಫೆಂಡರ್ ಯೋಗೇಶ್. ಮೊದಲು ಗೋಡೆ! ಕೋಟಿಯ ಸದ್ದಿಲ್ಲದೆ ಬಂದ ಇರಾನಿನ ಅಲಿರೇಜಾ ಮಿರ್ಜಾಯಿಯಾನ್ ಸೀಸನ್ ಉದ್ದಕ್ಕೂ ಅಂಕ ತಂದ. ಗಣೇಶ ಹನಮಂತಗೋಳ ಎಂಬ ಹೆಸರು ಟಿವಿಯಲ್ಲಿ ಕೇಳಿದಾಗ ನಮ್ಮ ಮನೆಯ ಮುದುಕಿ ‘ನಮ್ಮ ಕಡೆ ಹುಡುಗ ಏನ ಅಂವಾ?’ ಅಂತ ಅಡುಗೆಮನೆಯಿಂದ ಎದ್ದು ಬಂದಳು. ಶುರುವಿನಲ್ಲಿ ಸೋತರು, ನೀವು ಬಯ್ದಿರಿ, ಆಮೇಲೆ ತಂಡ ಕೂಡಿತು. ಹನ್ನೆರಡನೇ ಸ್ಥಾನದಲ್ಲಿದ್ದವರು ಒಂದೇ ವರ್ಷದಲ್ಲಿ ಪ್ಲೇ ಆಫ್‌ಗೆ ಬಂದರು. ಕಪ್ ಸಿಗಲಿಲ್ಲ. ಗೋಡೆ ಎದ್ದಿತು.

ಈಗ ಮುಂದಿನ ಹರಾಜಿಗೆ ಮೊದಲು ಆಡಳಿತ ಮಂಡಳಿಗೆ ಬರೆಯುತ್ತೇವೆ ಎಂದು ನೀವು ಸಹಿ ಕೂಡಿಸುತ್ತಿರುವುದು ಕೇಳಿದೆ. ಬರೆಯಿರಿ. ಆದರೆ ‘ಇಂಥವನನ್ನು ತನ್ನಿ’ ಎನ್ನುವ ಪಟ್ಟಿ ಬೇಡ. ಬದಲಿಗೆ ಮೂರು ಪ್ರಶ್ನೆ ಕೇಳಿ. ಈ ವರ್ಷ ಬೆಳೆದ ಹುಡುಗರಲ್ಲಿ ಯಾರನ್ನು, ಎಷ್ಟು ವರ್ಷ ಉಳಿಸಿಕೊಳ್ಳುತ್ತೀರಿ? ಹುಡುಗರನ್ನು ಹುಡುಕಲು ಬೆಂಗಳೂರು ಬಿಟ್ಟು 500 ಕಿಲೋಮೀಟರ್ ಆಚೆಗೆ, ಭೀಮಾ–ಕೃಷ್ಣಾ ನಡುವಿನ ನಮ್ಮ ಊರುಗಳಿಗೆ ಯಾವಾಗ ಬರುತ್ತೀರಿ? ಕೊನೆಯದು: ಹನ್ನೊಂದನೇ ಸೀಸನ್ ಹೈದರಾಬಾದ್, ನೋಯ್ಡಾ, ಪುಣೆಯಲ್ಲಾಯಿತು, ಹನ್ನೆರಡನೆಯದು ವಿಶಾಖಪಟ್ಟಣ, ಜೈಪುರ, ಚೆನ್ನೈ, ದೆಹಲಿಯಲ್ಲಾಯಿತು, ಹೆಸರಿನಲ್ಲಿ ಬೆಂಗಳೂರು ಇಟ್ಟುಕೊಂಡವರು ಕರ್ನಾಟಕದ ನೆಲದಲ್ಲಿ ಆಡುವಂತೆ ಲೀಗಿನ ಮುಂದೆ ಹಟ ಹಿಡಿಯುವುದು ಯಾವಾಗ? ದೊಡ್ಡ ಆಟಗಾರನ ಹೆಸರು ಕೇಳಿ ಅವರು ನಕ್ಕು ಸುಮ್ಮನಾಗಬಹುದು. ಈ ಮೂರಕ್ಕೆ ಮಾತ್ರ ಉತ್ತರ ಹೇಳಲೇಬೇಕಾಗುತ್ತದೆ.

ಪತ್ರ ಮುಗಿಸುವ ಮೊದಲು ನನ್ನದೊಂದು ತಪ್ಪೊಪ್ಪಿಗೆ ಇದೆ. ಬೇರೆಯವರಿಗೆ ಬುದ್ಧಿ ಹೇಳುವ ನಾನು ಏನು ಮಾಡಿದ್ದೇನೆ ಎಂದು ನಮ್ಮೂರಿನವರು ಕೇಳಿದರೆ ಉತ್ತರ ಇರಬೇಕಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮೂರ ಜಾತ್ರೆಯ ಕಬಡ್ಡಿ ಟೂರ್ನಮೆಂಟಿಗೆ ತಂಡ ಕಟ್ಟುವ ಜವಾಬ್ದಾರಿ ನನ್ನದಾಗಿತ್ತು. ಪಕ್ಕದ ಊರಿನವರು ಹೊರಗಿನಿಂದ ಆಟಗಾರರನ್ನು ತರುತ್ತಾರೆಂದು ಸುದ್ದಿ ಬಂತು. ನನಗೂ ಹಟ ಬಂತು. ಮನೆಮನೆಗೆ ಹೋಗಿ ಪಟ್ಟಿ ಎತ್ತಿದೆ. ಆ ದುಡ್ಡಿನಲ್ಲಿ ಗಡಿಯಾಚೆಯಿಂದ ಇಬ್ಬರು ರೈಡರ್‌ಗಳನ್ನು ಜೀಪಿನಲ್ಲಿ ಕರೆಸಿದೆ. ಅವರಿಗೆ ಹೋಳಿಗೆ ಊಟ, ಹೊಸ ಬೂಟು. ವರ್ಷಪೂರ್ತಿ ಎರೆಮಣ್ಣಿನ ಹೆಂಟೆ ಒಡೆದು ಅಂಕಣ ಮಾಡಿ ಆಡಿದ್ದ ನಮ್ಮ ಇಬ್ಬರು ಹುಡುಗರನ್ನು ಹಗ್ಗದ ಆಚೆ ನಿಲ್ಲಿಸಿದೆ. ಅವರಲ್ಲೊಬ್ಬ, ಆಗ ಹದಿನೇಳರವನು, ‘ಅಣ್ಣಾ, ಒಂದ ರೈಡ್ ಕೊಡು’ ಅಂತ ಮೂರು ಸಲ ಕೇಳಿದ. ‘ಮುಂದಿನ ವರ್ಷ ನೋಡೋಣ ತಮ್ಮಾ’ ಎಂದೆ. ಬಂದವರು ಚೆನ್ನಾಗಿಯೇ ಆಡಿದರು. ಆದರೆ ನಮ್ಮ ಕಾರ್ನರ್‌ನವರಿಗೆ ಅವರ ಸನ್ನೆ ತಿಳಿಯಲಿಲ್ಲ, ಅವರಿಗೆ ನಮ್ಮ ಕೂಗು ತಿಳಿಯಲಿಲ್ಲ. ಸೆಮಿಫೈನಲ್‌ನಲ್ಲಿ ಸೋತೆವು. ರಾತ್ರಿಯೇ ಅವರು ದುಡ್ಡು ಎಣಿಸಿಕೊಂಡು ಜೀಪು ಹತ್ತಿದರು. ಮರುವರ್ಷ ಆ ಹದಿನೇಳರವನು ಊರಲ್ಲಿರಲಿಲ್ಲ, ಕೆಲಸಕ್ಕೆ ಪುಣೆಗೆ ಹೋಗಿದ್ದ. ಅವನು ಎಷ್ಟು ದೊಡ್ಡ ಆಟಗಾರನಾಗುತ್ತಿದ್ದನೋ, ಅದನ್ನು ತಿಳಿಯುವ ಅವಕಾಶವನ್ನೇ ನಾನು ಮಾರಿಕೊಂಡಿದ್ದೆ.

ಪರ್ದೀಪನನ್ನು ಬಿಟ್ಟವರನ್ನು ಬಯ್ಯುವಾಗ ನನ್ನ ಬಾಯಿ ಅದಕ್ಕೇ ಸ್ವಲ್ಪ ತಡವರಿಸುತ್ತದೆ. ಕೋಟಿಯಲ್ಲಿ ಅವರು ಮಾಡಿದ್ದನ್ನು ನಾನು ಸಾವಿರದಲ್ಲಿ ಮಾಡಿದ್ದೆ. ನಿಮ್ಮ ಊರುಗಳ ಜಾತ್ರೆ ತಂಡಗಳನ್ನೂ ಒಮ್ಮೆ ಎಣಿಸಿ ನೋಡಿ: ಏಳರಲ್ಲಿ ಎಷ್ಟು ಜನ ನಿಮ್ಮ ಓಣಿಯವರು?

ಮುಂದಿನ ಜಾತ್ರೆಗೆ ನಮ್ಮೂರ ತಂಡ ಇಳಿಯುತ್ತದೆ. ಏಳೂ ಜನ ಊರಿನವರೇ, ಬೆಂಚಿನ ಮೇಲಿನ ಐವರೂ ಊರಿನವರೇ. ಎಲ್ಲರಿಗಿಂತ ಚಿಕ್ಕವನಿಗೆ ಹದಿನಾರು, ಮೊದಲ ರೈಡ್ ಅವನದೇ ಎಂದು ಈಗಲೇ ಹೇಳಿಬಿಟ್ಟಿದ್ದೇನೆ. ಮೊದಲ ಸುತ್ತಿನಲ್ಲೇ ಸೋಲುವ ಸಂಭವ ಹೆಚ್ಚು. ಬಂದು ನೋಡಿ. ಬರುವಾಗ ಆ ಬಸ್ ನಿಲ್ದಾಣದ ತಮ್ಮನನ್ನೂ ಕರೆತನ್ನಿ, ನನ್ನ ಪಕ್ಕ ಕೂಡಿಸಿಕೊಳ್ಳುತ್ತೇನೆ. ಬಯ್ಯುವುದಿದ್ದರೆ ನನ್ನನ್ನು ಬಯ್ಯಲಿ, ಹುಡುಗರನ್ನು ಬೇಡ.

ನಿಮ್ಮ ಹಳೆಯ ಎಡ ಕಾರ್ನರ್